ಹೊಟ್ಟು ಕಲಸಿದ ಮಣ್ಣಿನ ಊರು

ಬಾನಿ ನದಿಯನ್ನು ದಾಟಿ ಜೆನ್ನೆಗೆ ಬರುವ ಪ್ರವಾಸಿಗೆ ಮೊದಲು ತೋರುವುದು ಒಂದೇ ಬಣ್ಣದ ಊರು. ನೆಲದ ಬಣ್ಣವೇ ಗೋಡೆಯ ಬಣ್ಣ, ಗೋಡೆಯ ಬಣ್ಣವೇ ಛಾವಣಿಯ ಬಣ್ಣ. ಸುಮಾರು ಎರಡು ಸಾವಿರ ಹಳೆಯ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಕಲ್ಲು ಎಂಬುದು ಈ ಬಯಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಊರ ನಡುವೆ ಸಂತೆಯ ಬಯಲು, ಅದರ ಎದುರಿಗೆ ಜಗತ್ತಿನ ಅತಿ ದೊಡ್ಡ ಮಣ್ಣಿನ ಕಟ್ಟಡಗಳಲ್ಲಿ ಒಂದಾದ ಮಸೀದಿ. ಗೋಡೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರೆ ಒಣಮಣ್ಣಿನಲ್ಲಿ ಸಣ್ಣ ಸಣ್ಣ ಚೂರುಗಳು ಬಿಸಿಲಿಗೆ ಮಿನುಗುತ್ತವೆ. ಅವು ಭತ್ತದ ಹೊಟ್ಟು. ಈ ಊರು ನಿಂತಿರುವುದರಲ್ಲಿ ಆ ಹೊಟ್ಟಿನ ಪಾಲು ಸಣ್ಣದೇನಲ್ಲ.

ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ, ನೈಜರ್ ಮತ್ತು ಅದರ ಉಪನದಿ ಬಾನಿ ಸೇರಿ ಮಾಡಿದ ವಿಶಾಲ ನೆರೆಬಯಲಿನಲ್ಲಿ ಜೆನ್ನೆ ಇದೆ. ಮಳೆಗಾಲ ಕಳೆದು ನದಿ ಉಕ್ಕಿದಾಗ ಊರು ದ್ವೀಪವಾಗುತ್ತದೆ. ನೀರು ಇಳಿದ ಮೇಲೆ ಬಿಟ್ಟುಹೋಗುವ ಮೆಕ್ಕಲುಮಣ್ಣೇ ಇಲ್ಲಿಯವರ ಗದ್ದೆ, ಅದೇ ಅವರ ಇಟ್ಟಿಗೆ. ಒಂದು ಕಾಲಕ್ಕೆ ಸಹಾರಾ ಮರುಭೂಮಿಯ ಉಪ್ಪು, ದಕ್ಷಿಣದ ಕಾಡುಗಳ ಚಿನ್ನ ಇಲ್ಲಿ ಕೈ ಬದಲಾಗುತ್ತಿದ್ದವು. ಇಲ್ಲಿಂದ ದೋಣಿಗಳು ಟಿಂಬಕ್ಟುವಿಗೆ ಹೋಗುತ್ತಿದ್ದವು. ಈಗಿನ ಊರಿಗೆ ಮೂರು ಕಿಲೋಮೀಟರ್ ದೂರದ ಜೆನ್ನೆ-ಜೆನೋ ದಿಬ್ಬವನ್ನು 1977ರಲ್ಲಿ ಅಗೆದ ಸೂಸನ್ ಮತ್ತು ರಾಡರಿಕ್ ಮೆಕಿಂಟಾಷ್ ದಂಪತಿ, ಅಲ್ಲಿ ಕ್ರಿಸ್ತಪೂರ್ವ ಮೂರನೇ ಶತಮಾನದಿಂದಲೇ ಜನವಸತಿ ಇತ್ತೆಂದು ತೋರಿಸಿದರು. ಅರಬರು ಬಂದ ಮೇಲೆ ತಾನೇ ಇಲ್ಲಿ ಪಟ್ಟಣ ಹುಟ್ಟಿದ್ದು ಎಂಬ ಹಳೆಯ ಪುಸ್ತಕಗಳ ಮಾತು ಅಲ್ಲಿಗೆ ಮುಗಿಯಿತು. 1988ರಲ್ಲಿ ಹಳೆಯ ಊರು, ದಿಬ್ಬ ಎರಡೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಈಗ ನಿಂತಿರುವ ಮಸೀದಿ ಅಷ್ಟು ಹಳೆಯದಲ್ಲ, 1907ರಲ್ಲಿ ಮುಗಿದದ್ದು. 13ನೇ ಶತಮಾನದ ಮೂಲ ಮಸೀದಿಯನ್ನು 19ನೇ ಶತಮಾನದ ಆರಂಭದಲ್ಲಿ ಊರನ್ನು ಗೆದ್ದ ಸೇಕು ಅಮಾದು ಎಂಬ ಅರಸ ಇಷ್ಟಪಡಲಿಲ್ಲ. ಅವನು ಅದನ್ನು ಕೆಡವುವ ಗೋಜಿಗೆ ಹೋಗಲಿಲ್ಲ. ರಿಪೇರಿ ನಿಲ್ಲಿಸಿದ, ಅಷ್ಟೆ. ಕೆಲಸವನ್ನು ಮಳೆಯೇ ಮಾಡಿತು. 1828ರಲ್ಲಿ ವೇಷ ಮರೆಸಿಕೊಂಡು ಬಂದ ಫ್ರೆಂಚ್ ಪ್ರವಾಸಿ ರೆನೆ ಕಾಯೆ ಕಂಡದ್ದು ಸಾವಿರಾರು ಹಕ್ಕಿಗಳು ಗೂಡುಕಟ್ಟಿದ ಹಾಳು ಕಟ್ಟಡವನ್ನು. ಮುಂದೆ ಫ್ರೆಂಚರ ಆಡಳಿತದಲ್ಲಿ, ಊರಿನ ಗಾರೆ ಕೆಲಸದವರ ಸಂಘದ ಮುಖ್ಯಸ್ಥ ಇಸ್ಮಾಯಿಲಾ ತ್ರಾವೋರೆಯ ಮುಂದಾಳುತನದಲ್ಲಿ ಅದೇ ಜಾಗದಲ್ಲಿ ಹೊಸ ಮಸೀದಿ ಎದ್ದಿತು.

ನೆರೆನೀರು ತಾಗದಂತೆ ಸುಮಾರು 75 ಮೀಟರ್ ಉದ್ದ, ಅಷ್ಟೇ ಅಗಲದ, ಮೂರು ಮೀಟರ್ ಎತ್ತರದ ಜಗಲಿಯ ಮೇಲೆ ಅದು ಕುಳಿತಿದೆ. ಸಂತೆಯತ್ತ ಮುಖ ಮಾಡಿದ ಪೂರ್ವದ ಗೋಡೆಯಲ್ಲಿ ಮೂರು ಗೋಪುರಗಳು. ತುದಿಗಳಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಗಳು. ಒಳಗೆ ಕಾಡಿನಂತೆ ತೊಂಬತ್ತು ದಪ್ಪ ಕಂಬಗಳು. ಗೋಡೆಗಳಿಂದ ಸಾಲುಸಾಲಾಗಿ ಮರದ ಗಳಗಳ ಕಟ್ಟುಗಳು ಹೊರಚಾಚಿಕೊಂಡಿವೆ. ಇವಕ್ಕೆ 'ತೊರೋನ್' ಎಂದು ಹೆಸರು. ದೂರದಿಂದ ಮುಳ್ಳುಹಂದಿಯಂತೆ ತೋರಿದರೂ ಇವು ಬರಿಯ ಅಲಂಕಾರಕ್ಕಲ್ಲ. ಕಟ್ಟಡಕ್ಕೇ ಅಂಟಿಕೊಂಡ ಶಾಶ್ವತ ಸಾರುವೆ. ಈ ಗಳಗಳು ನಮ್ಮ ಕಡೆಯ ತಾಳೆಮರದ ಖಾಸಾ ದಾಯಾದಿಯದು. ಎರಡೂ 'ಬೊರಾಸಸ್' ಕುಲದ ಮರಗಳೇ.

ಸಾರುವೆಯನ್ನು ಯಾಕೆ ಬಿಚ್ಚದೆ ಬಿಟ್ಟಿದ್ದಾರೆ ಎಂಬುದು ಮಳೆಗಾಲಕ್ಕೆ ಮುಂಚೆ ಬಂದವರಿಗೆ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಇಡೀ ಊರು ಸೇರಿ ಮಸೀದಿಗೆ ಹೊಸ ಮಣ್ಣಿನ ಗಿಲಾವು ಮಾಡುತ್ತದೆ. ದಿನ ಗೊತ್ತು ಮಾಡುವವರು ಊರ ಹಿರಿಯರು ಮತ್ತು ಗಾರೆ ಕೆಲಸದವರು. ಅದಕ್ಕೂ ಎಷ್ಟೋ ದಿನ ಮುಂಚೆ ನದಿಯ ಮೆಕ್ಕಲುಮಣ್ಣನ್ನು ತಂದು ಗುಂಡಿಗಳಲ್ಲಿ ತುಂಬಿ, ನೀರು ಬಿಟ್ಟು, ಭತ್ತದ ಹೊಟ್ಟು ಸುರಿದು ಕೊಳೆಯಲು ಬಿಡುತ್ತಾರೆ. ಹೊಟ್ಟು ಕೊಳೆತು ಲೋಳೆ ಬಿಟ್ಟು ಮಣ್ಣು ಅಂಟಂಟಾಗುತ್ತದೆ. ವಾಸನೆಯ ವಿಷಯ ಕೇಳಬಾರದು. ಆಗಾಗ ಅದನ್ನು ತುಳಿದು ಹದ ಮಾಡಬೇಕು; ಈ ಕೆಲಸ ಹುಡುಗರದು. ಕೆಸರಲ್ಲಿ ಆಡಿದರೆ ಬೈಗುಳ ತಿನ್ನುವ ವಯಸ್ಸಿನ ಮಕ್ಕಳಿಗೆ ಹಿರಿಯರೇ ಕೆಸರಿಗೆ ಇಳಿಯಲು ಹೇಳುವ ಅಪರೂಪದ ಊರು ಇದು.

ಹಬ್ಬದ ದಿನ ಬೆಳಗಿನ ಜಾವಕ್ಕೇ ತಮಟೆ, ಕೊಳಲಿನ ಸದ್ದು. ಮೊದಲ ಬುಟ್ಟಿ ಮಣ್ಣನ್ನು ಯಾರು ತಂದು ಮುಟ್ಟಿಸುತ್ತಾರೆ ಎಂದು ಯುವಕರಲ್ಲಿ ಓಟದ ಪಂದ್ಯ. ಹೆಂಗಸರು, ಹುಡುಗಿಯರು ತಲೆಯ ಮೇಲೆ ನೀರು ಹೊತ್ತು ತರುತ್ತಾರೆ. ಗಾರೆ ಕೆಲಸದವರು ಏಣಿ ಹತ್ತಿ, ಅಲ್ಲಿಂದ ತೊರೋನ್ ಹಿಡಿದು ಕೋತಿಗಳ ಹಾಗೆ ಮೇಲೇರಿ, ಕೆಳಗಿನಿಂದ ಬರುವ ಮಣ್ಣನ್ನು ಬರಿಗೈಯಿಂದ ಗೋಡೆಗೆ ಬಳಿದು ಸವರುತ್ತಾರೆ. ಏರಲಾಗದ ಮುದುಕರು ಸಂತೆಯ ಬಯಲಿನಲ್ಲಿ ಗೌರವದ ಜಾಗದಲ್ಲಿ ಕುಳಿತು ಕೆಲಸ ಸರಿಯಾಗಿದೆಯೇ ಎಂದು ನೋಡುತ್ತಾರೆ. ಬಿಸಿಲೇರುವ ಹೊತ್ತಿಗೆ ಅಷ್ಟು ದೊಡ್ಡ ಗೋಡೆಯ ಬಹುಪಾಲು ಮುಗಿದಿರುತ್ತದೆ.

ಈಗ ಆ ಹೊಟ್ಟಿನ ವಿಷಯ. ಮಣ್ಣಿಗೆ ಹೊಟ್ಟು ಯಾಕೆ?

ಜೇಡಿಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಗಿಲಾವಿನ ಹೊರಮೈ ಬಿಸಿಲಿಗೆ ಬೇಗ ಒಣಗಿ ಕುಗ್ಗಲು ಹೊರಡುತ್ತದೆ; ಒಳಗಿನ ಮಣ್ಣು ಇನ್ನೂ ಹಸಿ, ಜೊತೆಗೆ ಹಿಂದಿನ ಗೋಡೆಯಂತೂ ಅಲುಗುವುದೇ ಇಲ್ಲ. ಹೀಗಾಗಿ ಹೊರಪದರ ಎಲ್ಲ ಕಡೆಗೂ ಎಳೆದಂತಾಗುತ್ತದೆ. ಮಣ್ಣು ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯದು. ಎಲ್ಲೋ ಒಂದು ಕಡೆ ಬಿರಿಯುತ್ತದೆ. ಬಿರುಕಿನ ತುದಿಯಲ್ಲೇ ಎಳೆತದ ಬಲವೆಲ್ಲ ಬಂದು ಸೇರುವುದರಿಂದ ಆ ಬಿರುಕು ಓಡತೊಡಗುತ್ತದೆ. ಏಪ್ರಿಲ್ ತಿಂಗಳಲ್ಲಿ ಧಾರವಾಡ, ಗದಗಿನ ಎರೆಹೊಲಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಥ ಬಿರುಕಿನೊಳಗೆ ಮಳೆನೀರು ಇಳಿದರೆ ಗಿಲಾವು ಹಪ್ಪಳದಂತೆ ಏಳುತ್ತದೆ.

ಮಣ್ಣಿನಲ್ಲಿ ಹುಲ್ಲಿನ ಎಳೆ ಇದ್ದರೆ ಓಡುವ ಬಿರುಕಿಗೆ ಅದು ಅಡ್ಡ ಸಿಗುತ್ತದೆ. ಮಣ್ಣು ಬಿಟ್ಟುಕೊಂಡರೂ ಎಳೆ ಎರಡು ಕಡೆಯನ್ನೂ ಹಿಡಿದಿರುತ್ತದೆ. ಬಿರುಕು ಇನ್ನಷ್ಟು ತೆರೆಯಬೇಕಾದರೆ ಎಳೆ ಮುರಿಯಬೇಕು, ಇಲ್ಲವೇ ಮಣ್ಣಿನಿಂದ ಜಾರಿ ಹೊರಬರಬೇಕು. ಎರಡಕ್ಕೂ ಬಲ ಬೇಕು. ಒಂದು ಅಗಲವಾದ ಬಿರುಕಿನ ಬದಲು ಕಣ್ಣಿಗೆ ಕಾಣದಂಥ ಹತ್ತಾರು ಸಣ್ಣ ಬಿರುಕುಗಳಾಗಿ ಹಂಚಿಹೋಗುತ್ತವೆ. ಅವುಗಳೊಳಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಹುಲ್ಲು ಸೇರಿಸಿದರೆ ಇಟ್ಟಿಗೆ ಗಟ್ಟಿಯಾಗುತ್ತದೆ ಎಂದು ಪಠ್ಯಪುಸ್ತಕಗಳಲ್ಲಿ ಒಂದೇ ಸಾಲಿನಲ್ಲಿ ಬರೆದುಬಿಡುವುದುಂಟು. ಅದು ಅರ್ಧ ಸತ್ಯ. ಭಾರ ಹೊರುವ ಮಟ್ಟಿಗೆ ಹುಲ್ಲಿನಿಂದ ಹೆಚ್ಚೇನೂ ಲಾಭವಿಲ್ಲ. ಅತಿಯಾದರೆ ಅಂಟುವ ಮಣ್ಣು ಸಾಲದೆ ಇಟ್ಟಿಗೆ ಸಡಿಲವೇ ಆಗುತ್ತದೆ. ಹುಲ್ಲು ಕೊಡುವುದು ಬಿರುಕಿಗೆ ಬಗ್ಗದ ಗುಣವನ್ನು.

ಎಳೆ ಎಷ್ಟು ಉದ್ದ ಇರಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮಣ್ಣಿನಲ್ಲಿ ಹೂತ ಎಳೆಯ ತುದಿಯನ್ನು ಯಾರೂ ಹಿಡಿದು ಎಳೆಯುತ್ತಿಲ್ಲ. ಅದಕ್ಕೆ ಬಲ ಬರುವುದು ಅದರ ಮೈಗೂ ಮಣ್ಣಿಗೂ ನಡುವಿನ ಹಿಡಿತದಿಂದ ಮಾತ್ರ. ತುದಿಯಲ್ಲಿ ಬಲ ಸೊನ್ನೆ. ಒಳಗೊಳಗೆ ಹೋದಂತೆ ಸ್ವಲ್ಪ ಸ್ವಲ್ಪವೇ ಕೂಡುತ್ತಾ ಹೋಗುತ್ತದೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಒಂದು ಹುಲ್ಲುಕಡ್ಡಿ ಮುರಿಯಲು 20 ನ್ಯೂಟನ್ ಬಲ ಬೇಕು, ಮಣ್ಣು ಪ್ರತಿ ಸೆಂಟಿಮೀಟರಿಗೆ 2 ನ್ಯೂಟನ್ನಿನಷ್ಟು ಅದನ್ನು ಹಿಡಿಯುತ್ತದೆ. ಹಾಗಾದರೆ ಬಿರುಕಿನ ಒಂದೊಂದು ಪಕ್ಕದಲ್ಲೂ 10 ಸೆಂಟಿಮೀಟರ್, ಒಟ್ಟು 20 ಸೆಂಟಿಮೀಟರ್ ಹೂತಿದ್ದರೆ ಮಾತ್ರ ಕಡ್ಡಿಯ ಪೂರ್ಣ ಶಕ್ತಿ ಬಳಕೆಯಾದೀತು. ಕಡ್ಡಿ ಮೂರೇ ಸೆಂಟಿಮೀಟರ್ ಇದ್ದರೆ? ಪಕ್ಕಕ್ಕೆ ಒಂದೂವರೆಯಂತೆ ಹೆಚ್ಚೆಂದರೆ 3 ನ್ಯೂಟನ್, ಆಮೇಲೆ ಜಾರುತ್ತದೆ. ಈ 20 ಸೆಂಟಿಮೀಟರಿಗೆ ವಿಜ್ಞಾನಿಗಳು ನಿರ್ಣಾಯಕ ಉದ್ದ ಎನ್ನುತ್ತಾರೆ. ಎಳೆ ತೆಳ್ಳಗಾದಷ್ಟೂ ಈ ಉದ್ದ ಕಡಿಮೆಯಾಗುತ್ತದೆ. ದಪ್ಪ ಅರ್ಧವಾದರೆ ಕೊಯ್ದ ಮುಖದ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುತ್ತದೆ, ಮೈಯ ಸುತ್ತಳತೆ ಅರ್ಧಕ್ಕೆ ಮಾತ್ರ. ಅಂದರೆ ಮುರಿಯುವ ಬಲಕ್ಕಿಂತ ಹಿಡಿತವೇ ಮೇಲಾಗುತ್ತದೆ.

ಈ ಲೆಕ್ಕದಲ್ಲಿ ಜೆನ್ನೆಯ ಹೊಟ್ಟು ಫೇಲಾಗಬೇಕು. ಅದರ ಉದ್ದ ಕೆಲವೇ ಮಿಲಿಮೀಟರ್. ಎಂದಿಗೂ ಮುರಿಯುವಷ್ಟು ಬಲ ಅದಕ್ಕೆ ಬರುವುದಿಲ್ಲ, ಜಾರಿಯೇ ಜಾರುತ್ತದೆ. ಆದರೆ ಜಾರುವಾಗಲೂ ಉಜ್ಜಾಟ ಇದೆಯಲ್ಲ! ಒರಟು ಮೈಯ ಹೊಟ್ಟನ್ನು ಮಣ್ಣಿನಿಂದ ಕೀಳುವುದರಲ್ಲಿ ಶಕ್ತಿ ಖರ್ಚಾಗುತ್ತದೆ; ಒಂದು ಹಿಡಿ ಗಿಲಾವಿನಲ್ಲಿ ಅಂಥವು ನೂರಾರು. ಒಣಗುವಾಗ ಹುಟ್ಟುವ ಸಣ್ಣ ಬಿರುಕುಗಳನ್ನು ಹುಟ್ಟಿದ ಜಾಗದಲ್ಲೇ ನಿಲ್ಲಿಸಲು ಅಷ್ಟು ಸಾಕು. ಉದ್ದ ಹುಲ್ಲನ್ನು ಗುಂಡಿಯಲ್ಲಿ ಕಾಲಿಂದ ಕಲಸುವುದು ಕಷ್ಟ, ತೆಳುವಾಗಿ ಸವರುವುದು ಇನ್ನೂ ಕಷ್ಟ. ಹೊಟ್ಟಿನಲ್ಲಿ ಸಿಲಿಕಾ ಹೇರಳವಾಗಿರುವುದರಿಂದ ಅದು ಪೂರ್ತಿ ಕೊಳೆತುಹೋಗುವುದೂ ಇಲ್ಲ.

ಇದನ್ನೆಲ್ಲ ಸಮೀಕರಣಕ್ಕೆ ಇಳಿಸಿದ್ದು ಬಹಳ ದೂರದ ಊರುಗಳಲ್ಲಿ. ಲಂಡನ್ನಿನ ಹತ್ತಿರದ ಟೆಡಿಂಗ್ಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಎಚ್. ಎಲ್. ಕಾಕ್ಸ್, ಬಿಡಿಬಿಡಿ ಎಳೆಗಳಿಂದಾದ ವಸ್ತುವಿನಲ್ಲಿ ಬಲ ಹೇಗೆ ಎಳೆಯಿಂದ ಎಳೆಗೆ ದಾಟುತ್ತದೆಂಬ ಗಣಿತವನ್ನು 1952ರಲ್ಲಿ ಪ್ರಕಟಿಸಿದರು. ಅವರು ಎತ್ತಿಕೊಂಡ ಉದಾಹರಣೆ ವಿಮಾನವೂ ಅಲ್ಲ, ರಾಕೆಟ್ಟೂ ಅಲ್ಲ, ಕಾಗದ. 1965ರಲ್ಲಿ ಕೆಲಿ ಮತ್ತು ಟೈಸನ್ ತಾಮ್ರದಲ್ಲಿ ಟಂಗ್‌ಸ್ಟನ್ ತಂತಿಗಳನ್ನು ಹೂತು ನಿರ್ಣಾಯಕ ಉದ್ದದ ಲೆಕ್ಕವನ್ನು ಪ್ರಯೋಗದಿಂದ ತೋರಿಸಿದರು. ಇಂದು ಕಾರಿನ ಎಂಜಿನ್ ಕವರಿಗೆ, ಡ್ರಿಲ್ಲಿಂಗ್ ಯಂತ್ರದ ಮೈಗೆ ಬಳಸುವ ಗಾಜಿನೆಳೆ ಸೇರಿದ ನೈಲಾನು ಇದೇ ಜಾತಿಯದು. ಗಾಜಿನ ಎಳೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳ್ಳಗಿರುವುದರಿಂದ ಅರ್ಧ ಮಿಲಿಮೀಟರಿನ ಆಸುಪಾಸಿನ ತುಂಡೂ ಅಲ್ಲಿ ಕೆಲಸಕ್ಕೆ ಬರುತ್ತದೆ. ಬಸ್ಸಿನ ಫೈಬರ್ ಸೀಟು, ಹಳೆಯ ಆಸ್ಬೆಸ್ಟಾಸ್ ಶೀಟು ಕೂಡ ಈ ಬಳಗದವೇ. ಆಸ್ಬೆಸ್ಟಾಸಿನ ಎಳೆ ಶ್ವಾಸಕೋಶಕ್ಕೆ ವಿಷವೆಂದು ತಿಳಿದ ಮೇಲೆ ಅದನ್ನು ಎಷ್ಟೋ ದೇಶಗಳು ನಿಷೇಧಿಸಿವೆ.

ಎಳೆ ಯಾವ ದಿಕ್ಕಿಗೆ ಮಲಗಿದೆ ಎಂಬುದು ಉದ್ದದಷ್ಟೇ ಮುಖ್ಯ. ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ ಎಳೆಗಳ ಹಾಳೆಯೊಂದರಲ್ಲಿ, ಎಳೆಗಳ ಬಿಗುವಿನಲ್ಲಿ ಮೂರನೇ ಒಂದು ಪಾಲಷ್ಟೇ ಯಾವುದೇ ಒಂದು ದಿಕ್ಕಿಗೆ ದಕ್ಕುತ್ತದೆ ಎಂದು ಕಾಕ್ಸ್ ಲೆಕ್ಕ ಹಾಕಿದ್ದರು. ಕೈಯಲ್ಲಿರುವ ಈ ಪತ್ರಿಕೆಯನ್ನೇ ಓದಿ ಮುಗಿಸಿದ ಮೇಲೆ ಹರಿದು ನೋಡಬಹುದು (ಮನೆಯಲ್ಲಿ ಎಲ್ಲರೂ ಓದಿದ ಮೇಲೆ!). ಒಂದು ದಿಕ್ಕಿಗೆ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಪಟ್ಟ. ಕಾರ್ಖಾನೆಯ ಯಂತ್ರ ಓಡುವ ದಿಕ್ಕಿಗೆ ಹೆಚ್ಚು ಎಳೆಗಳು ಮಲಗಿರುವುದೇ ಕಾರಣ. ಜೆನ್ನೆಯ ಗುಂಡಿಯಲ್ಲಿ ಹುಡುಗರು ತುಳಿಯುವಾಗ ಹೊಟ್ಟು ಅಡ್ಡಾದಿಡ್ಡಿ ಬೆರೆಯುತ್ತದೆ. ಅಂಗೈಯಿಂದ ಗೋಡೆಗೆ ಒತ್ತಿ ಸವರಿದಾಗ ಅವು ಗೋಡೆಯ ಮೈಗೆ ಸಮನಾಗಿ ಮಲಗುತ್ತವೆ. ಕುಗ್ಗುವ ಮಣ್ಣು ಎಳೆಯುವುದೂ ಅದೇ ದಿಕ್ಕಿನಲ್ಲಿ. ಒಣಗಿದ ಅಂಚಿಗೆ ಹಸಿಮಣ್ಣು ಸೇರಿಸಿದರೆ ಆ ಗೆರೆಯನ್ನು ಯಾವ ಹೊಟ್ಟೂ ದಾಟಿರುವುದಿಲ್ಲ, ಅಲ್ಲೇ ಬಿರುಕು. ಅಚ್ಚಿಗೆ ಎರಕ ಹೊಯ್ಯುವ ಪ್ಲಾಸ್ಟಿಕ್ಕಿನಲ್ಲೂ ಎರಡು ಹರಿವುಗಳು ಬಂದು ಕೂಡುವ ಗೆರೆಯೇ ದುರ್ಬಲ. ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ಸಾವಿರಾರು ಎಳೆಗಳನ್ನು ಹರಡಿ ಮೊದಲು ಹುಡುಕುವುದು ಆ ಗೆರೆಯನ್ನು. ಮಸೀದಿಯ ಗೋಡೆಯನ್ನು ಒಂದೇ ಹೊತ್ತಿನಲ್ಲಿ, ಇಡೀ ಊರು ಕೈಹಚ್ಚಿ ಮುಗಿಸುವುದರಲ್ಲಿ ಭಕ್ತಿಯ ಜೊತೆಗೆ ಈ ಅನುಕೂಲವೂ ಇದೆ.

ಕರ್ನಾಟಕದ ಹಳ್ಳಿಗಳಿಗೆ ಇದು ಹೊಸ ವಿದ್ಯೆಯೇನಲ್ಲ. ಮಣ್ಣಿನ ಗೋಡೆಗೆ ಹುಲ್ಲು ತುಳಿದು ಕಲಸಿದವರು, ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿದವರು ಇನ್ನೂ ಇದ್ದಾರೆ. ಸಗಣಿ ಸಾರಿಸಿದ ನೆಲ ಬಿರಿಯದಿರುವುದೂ ಹಸುವಿನ ಹೊಟ್ಟೆಯಲ್ಲಿ ಅರ್ಧ ಅರಗಿದ ನಾರಿನ ದೆಸೆಯಿಂದ. ಬೇಸಿಗೆ ರಜೆಯಲ್ಲಿ ಮಕ್ಕಳು ಎರೆಮಣ್ಣನ್ನು ಮೂರು ತಟ್ಟೆಗಳಲ್ಲಿ ಕಲಸಿ, ಒಂದಕ್ಕೆ ಏನೂ ಹಾಕದೆ, ಒಂದಕ್ಕೆ ಹೊಟ್ಟು, ಇನ್ನೊಂದಕ್ಕೆ ಅಂಗುಲದುದ್ದದ ಹುಲ್ಲು ಸೇರಿಸಿ ಒಣಗಿಸಿ ನೋಡಲಿ. ಹುಲ್ಲುಕಡ್ಡಿಗಳನ್ನು ಬೇರೆ ಬೇರೆ ಆಳಕ್ಕೆ ಹಸಿಮಣ್ಣಿನಲ್ಲಿ ನೆಟ್ಟು, ಒಣಗಿದ ಮೇಲೆ ಎಳೆದರೆ ಎಷ್ಟು ಆಳದವರೆಗೆ ಜಾರಿ ಬರುತ್ತವೆ, ಎಲ್ಲಿಂದ ಮುಂದೆ ಮುರಿಯುತ್ತವೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಮಾರ್ಕಿಗಾಗಿ ಮಾಡುವ ಎಷ್ಟೋ ಪ್ರಾಜೆಕ್ಟುಗಳಿಗಿಂತ ಇದು ವಾಸಿ. ತಾಯಂದಿರು ತಟ್ಟೆಯ ವಿಷಯದಲ್ಲಿ ಸ್ವಲ್ಪ ಉದಾರವಾಗಿರಬೇಕು.

ಜೆನ್ನೆಯಲ್ಲಿ ಎಲ್ಲವೂ ಸುಖವಾಗಿದೆ ಎಂದು ತಿಳಿಯಬಾರದು. ವರ್ಷ ವರ್ಷವೂ ಬಳಿದ ಮಣ್ಣು ಕೊಚ್ಚಿಹೋದದ್ದಕ್ಕಿಂತ ಹೆಚ್ಚಾದರೆ ಪದರದ ಮೇಲೆ ಪದರ ಕೂಡಿ ಗೋಡೆಗೆ, ಛಾವಣಿಗೆ ಭಾರವಾಗುತ್ತದೆ. 2006ರಲ್ಲಿ ಆಗಾ ಖಾನ್ ಟ್ರಸ್ಟಿನವರು ಮಸೀದಿಯ ಸ್ಥಿತಿಯನ್ನು ಪರೀಕ್ಷಿಸಲು ಛಾವಣಿಯನ್ನು ಕೆದಕಿದಾಗ, ಹೊರಗಿನವರು ಮಸೀದಿಯನ್ನು ಒಡೆಯುತ್ತಿದ್ದಾರೆಂದು ಊರಿನಲ್ಲಿ ಗಲಭೆಯೇ ಆಯಿತು. 2009ರ ನವೆಂಬರಿನಲ್ಲಿ ಒಂದೇ ದಿನ ಸುರಿದ ಅಕಾಲದ ಮಳೆಗೆ ದಕ್ಷಿಣದ ಗೋಪುರದ ಮೇಲ್ಭಾಗ ಕುಸಿಯಿತು. ಟ್ರಸ್ಟಿನ ನೆರವಿನಿಂದ ಊರಿನ ಗಾರೆ ಕೆಲಸದವರೇ ಅದನ್ನು ಮತ್ತೆ ಕಟ್ಟಿದರು. ಎಳೆ ಬಿರುಕನ್ನು ತಡೆಯುತ್ತದೆ. ನೀರು ಕುಡಿದು ಮೆತ್ತಗಾದ ಮಣ್ಣಿಗೆ ಅದನ್ನು ಹಿಡಿದುಕೊಳ್ಳುವ ಶಕ್ತಿಯೇ ಇಲ್ಲವಾದಾಗ ಅದೂ ಏನು ಮಾಡೀತು?

ಸಿಮೆಂಟ್ ಬಳಿದರೆ ತೀರಿತಲ್ಲ ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಸಿಮೆಂಟ್ ಪದರ ಬಿರುಸು; ಒಳಗಿನ ಮಣ್ಣು ಉಬ್ಬಿ ಕುಗ್ಗುವುದಕ್ಕೆ ಅದು ಜೊತೆಗೂಡುವುದಿಲ್ಲ. ಎಲ್ಲೋ ಸೀಳಿದ ಕಡೆ ಒಳಹೋದ ತೇವ ಹೊರಬರಲಾಗದೆ ಹಿಂದಿನ ಗೋಡೆಯನ್ನು ಗೊತ್ತಾಗದಂತೆ ತಿನ್ನುತ್ತದೆ. ಹೀಗಿದ್ದರೂ ಜೆನ್ನೆಯ ಎಷ್ಟೋ ಮನೆಗಳವರು ಗೋಡೆಗೆ ಸುಟ್ಟ ಜೇಡಿಯ ಬಿಲ್ಲೆಗಳನ್ನು ಅಂಟಿಸಿದ್ದಾರೆ. ಪರಂಪರೆ ರಕ್ಷಿಸುವ ಅಧಿಕಾರಿಗಳಿಗೆ ಇದು ಹಿಡಿಸುವುದಿಲ್ಲ. ಆದರೆ ಮನೆಯ ಯಜಮಾನನ ಲೆಕ್ಕವನ್ನೂ ಕೇಳಬೇಕು. ಬರಗಾಲದ ವರ್ಷಗಳಲ್ಲಿ ಭತ್ತ ಬೆಳೆಯದಿದ್ದರೆ ಹೊಟ್ಟೂ ಇಲ್ಲ. ಇದ್ದಷ್ಟು ಹೊಟ್ಟು ದನಗಳಿಗೆ ಬೇಕು. ಗಾರೆಯವನ ಕೂಲಿ ಬೇರೆ. ಮಸೀದಿಗಾದರೆ ಊರೆಲ್ಲ ಬಂದು ಕೈಹಚ್ಚುತ್ತದೆ. ಬಡವನ ಮನೆಗೆ ಪ್ರತಿ ವರ್ಷ ಯಾರು ಬರುತ್ತಾರೆ? ಪ್ರವಾಸಿಗರ ಫೋಟೋ ಚೆನ್ನಾಗಿ ಬರಲೆಂದು ಅವನು ಮಣ್ಣು ಬಳಿಯುತ್ತಲೇ ಇರಬೇಕೆಂದು ಹೇಳುವುದು ಸುಲಭ.

ಅಂದಹಾಗೆ ಪ್ರವಾಸಿಗರು ಬರುವುದೂ ಈಗ ತೀರಾ ಅಪರೂಪ. 2012ರಲ್ಲಿ ಮಾಲಿಯಲ್ಲಿ ಶುರುವಾದ ಸಶಸ್ತ್ರ ಸಂಘರ್ಷ ದೇಶದ ನಡುಭಾಗಕ್ಕೂ ಹಬ್ಬಿತು. 2016ರಲ್ಲಿ ಯುನೆಸ್ಕೋ ಜೆನ್ನೆಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾರ್ಗದರ್ಶಿಗಳು ಕೆಲಸ ಕಳೆದುಕೊಂಡರು, ಹೋಟೆಲುಗಳಿಗೆ ಬೀಗ ಬಿತ್ತು. ಆದರೂ ಸಂಘರ್ಷದ ವರ್ಷಗಳಲ್ಲೂ ಗಿಲಾವಿನ ಹಬ್ಬ ನಡೆದಿದೆ. ಅಪ್ಪ ತುಳಿದ ಗುಂಡಿಯಲ್ಲಿ ಮಗ ತುಳಿದಿದ್ದಾನೆ. ಸಂಜೆ ಗೋಡೆ ಮೇಲಿನಿಂದ ಕೆಳಗೆ ತಿಳಿಬಣ್ಣಕ್ಕೆ ತಿರುಗುತ್ತಾ ಒಣಗುವಾಗ, ಮುದುಕರು ಅದರ ಹತ್ತಿರ ಹೋಗಿ, ಬೆರಳಿನಿಂದ ಮುಟ್ಟಿ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾರೆ. ಮೈಯೆಲ್ಲ ಹೊಟ್ಟು ಮೆತ್ತಿಕೊಂಡ ಹುಡುಗರು ನದಿಯ ಕಡೆಗೆ ಓಡುತ್ತಾರೆ.